ಒಳಗೆ ಯಾರೂ ಇಲ್ಲ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕಷ್ಟೇ ಎಂದುಕೊಂಡವನು ನಾನು. ದೆವ್ವವನ್ನು ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ನಾಯಂಡಹಳ್ಳಿಯ ಒಂದು ಹೂವಿನ ಗೋಡೌನಿನಲ್ಲಿ ಹಾಡಹಗಲೇ ಕಂಡದ್ದಕ್ಕೆ ಕಾರಣ ಹುಡುಕಿ ಸೋತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ.

ಹೂವು, ಹಣ್ಣು ಕೆಡದಂತೆ ತಣ್ಣಗಿಡುವ ಕೋಲ್ಡ್ ರೂಮುಗಳಿಗೆ ಸೆನ್ಸರ್ ಅಳವಡಿಸುವುದು ನನ್ನ ಕೆಲಸ. ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ. ವೈರ್ ಇಲ್ಲ, ಒಳಗೊಂದು ಬ್ಯಾಟರಿ. ಕೋಣೆ ಎಷ್ಟು ತಣ್ಣಗಿದೆ, ಬಾಗಿಲು ಮುಚ್ಚಿದೆಯೇ, ಒಳಗೆ ಯಾರಾದರೂ ಇದ್ದಾರೆಯೇ ಎಂಬುದನ್ನೆಲ್ಲ ಗಮನಿಸಿ ಮೊಬೈಲಿಗೆ ತಿಳಿಸುತ್ತದೆ. ಮನುಷ್ಯರು ಒಳಗೆ ಸಿಕ್ಕಿಕೊಂಡರೆ ಯಾರ ಅಪ್ಪಣೆಗೂ ಕಾಯದೆ ತಾನೇ ಗಂಟೆ ಬಾರಿಸಿ ಬಾಗಿಲಿನ ಲಾಕ್ ಬಿಡಿಸುತ್ತದೆ.

ಆ ಗಂಟೆ ಗೋಡೌನಿನ ಮಾಲೀಕ ಶಿವಣ್ಣನಿಗೆ ಕಿರಿಕಿರಿಯಾಗಿತ್ತು. ಹೂವು ವಿಂಗಡಿಸುವ ಹೆಂಗಸರು ಒಳಗೆ ತುಸು ಹೆಚ್ಚು ಹೊತ್ತು ನಿಂತರೂ ಬಡಿದುಕೊಳ್ಳುತ್ತದೆಂದು, ಬೇರೆ ಯಾರನ್ನೋ ಕರೆಸಿ ಸೆನ್ಸರನ್ನೇ ಆಫ್ ಮಾಡಿಸಿದ. ಅದಾದ ಕೆಲವೇ ದಿನಗಳಲ್ಲಿ ಆ ಹೆಂಗಸರಲ್ಲೊಬ್ಬರಾದ ಲಕ್ಕಮ್ಮ ಒಳಗೆ ಸಿಕ್ಕಿಕೊಂಡರು. ಬಾಗಿಲು ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ಅವರು ಒಳಗಿದ್ದದ್ದೇ ಗೊತ್ತಿರಲಿಲ್ಲ ಎಂದು ಶಿವಣ್ಣ ಪೊಲೀಸರಿಗೆ ಹೇಳಿದ. ಆಕಸ್ಮಿಕ ಎಂದು ಕೇಸು ಮುಗಿದುಹೋಯಿತು.

ಆಮೇಲೆ ಹೊಸ ಸೆನ್ಸರ್ ಹಾಕಲು ನನ್ನನ್ನು ಕರೆಸಿದ. ಹೋದರೆ, ಲಕ್ಕಮ್ಮನ ತಂಗಿ ಜಯಮ್ಮ ಅಲ್ಲೇ ಕೂತು ಗುಲಾಬಿಯ ಮುಳ್ಳು ತೆಗೆಯುತ್ತಿದ್ದರು.

"ಇನ್ನೂ ಇಲ್ಲೇ ಕೆಲ್ಸ ಮಾಡ್ತಾ ಇದೀರಲ್ಲಮ್ಮಾ?" ಎಂದೆ.

"ಅವನು ಹಾಳಾಗೋದ್ನ ಕಣ್ಣಾರೆ ನೋಡ್ಬೇಕು ಸಾರ್. ಅದಕ್ಕೇ ಇದೀನಿ," ಎಂದರು, ತಲೆ ಎತ್ತದೆ.

ಹಳೆಯ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿ, ಬ್ಯಾಟರಿ ತೆಗೆದು, ಎರಡನ್ನೂ ಹೊರಗಿನ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಶಿವಣ್ಣ ಹೂವು ತರಲು ಒಳಗೆ ಹೋದ. ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಬಡಿಯತೊಡಗಿದ. ನಾನು ಹಿಡಿಕೆ ಎಳೆದೆ. ಕೆಲಸದವರೆಲ್ಲ ಸೇರಿ ಬಹಳ ಹೊತ್ತು ಎಳೆದರೂ ಬಾಗಿಲು ಕದಲಲಿಲ್ಲ.

ಆಗ ನನ್ನ ಮೊಬೈಲಿಗೆ ಸಂದೇಶ ಬಂತು. ಕಳಿಸಿದ್ದು ಮೇಜಿನ ಮೇಲಿದ್ದ, ಬ್ಯಾಟರಿಯೇ ಇಲ್ಲದ ಪೆಟ್ಟಿಗೆ. "ಒಳಗೆ ಯಾರೂ ಇಲ್ಲ." ಲಾಕ್ ಬಿಡಿಸಲು ಮೊಬೈಲಿನಿಂದ ಆದೇಶ ಕೊಟ್ಟೆ. ಅದೇ ಉತ್ತರ. ಮತ್ತೆ ಕೊಟ್ಟೆ. ಅದೇ ಉತ್ತರ.

"ಏನಂತ ಬಂದೈತೆ ಸಾರ್?" ಜಯಮ್ಮ ಕೇಳಿದರು. ಓದಿ ಹೇಳಿದೆ. ಅವರು ನೆಟ್ಟಗೆ ಬಾಗಿಲ ಬಳಿ ಹೋದರು.

"ನಮ್ಮಕ್ಕ ಹಿಂಗೇ ಬಡಿದಾಗ ನಿನಗೆ ಕೇಳಿಸ್ಲಿಲ್ವಾ?"

"ಜಯಮ್ಮಾ, ತೆಗ್ಸಮ್ಮಾ, ಸತ್ತೋಗ್ತೀನಿ!"

"ಕೇಳಿಸ್ತೋ ಇಲ್ವೋ, ಹೇಳು!"

ಬಡಿತ ನಿಂತಿತು. ಆಮೇಲೆ ಬಂದ ಅಳುದನಿ ಅಲ್ಲಿದ್ದ ಎಲ್ಲರ ಕಿವಿಗೂ ಬಿತ್ತು.

"ಕೇಳಿಸ್ತು... ದೊಡ್ಡ ಗಿರಾಕಿ ಬಂದಿದ್ರು. ಮಾತು ಮುಗ್ಸಿ ತೆಗೆದ್ರಾಯ್ತು ಅಂದ್ಕೊಂಡೆ."

ಲಾಕ್ ಟಕ್ಕೆಂದಿತು. ಬಾಗಿಲು ತಾನಾಗಿಯೇ ತೆರೆದುಕೊಂಡಿತು. ತುಟಿ ನೀಲಿಗಟ್ಟಿದ್ದ ಶಿವಣ್ಣ ಹೊಸ್ತಿಲಲ್ಲೇ ಕುಸಿದ. ಎತ್ತಲು ಯಾರೂ ಕೈ ಚಾಚಲಿಲ್ಲ. ನಾನೂ ಚಾಚಲಿಲ್ಲ.

ಹೆಂಗಸರೆಲ್ಲ ಅವತ್ತೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೇಳಿದ್ದನ್ನು ಕೇಳಿದಂತೆ ಹೇಳಿದರು. ಶಿವಣ್ಣ ಜೈಲು ಸೇರಿದ. ಆ ಸುದ್ದಿ ತಿಳಿದ ದಿನ ನನಗೆ ಸಮಾಧಾನವಾಯಿತು.

ಬಾಗಿಲಿನ ಅಂಚಿಗೆ ಮಂಜು ಕಟ್ಟಿರಬಹುದು, ಹಳೆಯ ಸಂದೇಶ ತಡವಾಗಿ ಬಂದಿರಬಹುದು ಎಂದರು ನನ್ನ ಜೊತೆಯ ಕೆಲಸಗಾರರು. ಇರಬಹುದು. ಆದರೆ ಕೇಳಿದಾಗಲೆಲ್ಲ ಅದು ಉತ್ತರ ಕೊಟ್ಟದ್ದು ಹೇಗೆ?

ಈಚೆಗೆ ಕೆಂಗೇರಿ ಮೆಟ್ರೋದಲ್ಲಿ ಜಯಮ್ಮ ಸಿಕ್ಕರು. ತಡೆಯಲಾರದೆ ಕೇಳಿದೆ, "ಅವತ್ತು ಬಾಗಿಲು ಹಿಡ್ಕೊಂಡಿದ್ದು ನಿಮ್ಮಕ್ಕಾನೇ ಅಂತೀರಾ?"

ಅವರು ಅಲ್ಲವೆಂದು ತಲೆಯಾಡಿಸಿದರು. "ನಮ್ಮಕ್ಕ ಆಗಿದ್ರೆ ಅವನ್ನ ಹೊರಗೆ ಬಿಡ್ತಾನೇ ಇರ್ಲಿಲ್ಲ ಸಾರ್."

ಹಿಡಿದವರು ಯಾರು, ಬಿಟ್ಟವರು ಯಾರು, ನನಗಂತೂ ಇವತ್ತಿಗೂ ಹೊಳೆದಿಲ್ಲ.