ಕಟಿಂಗ್ ಅಂಗಡಿಯವನ ಉಸಿರು

ಆಸ್ಪತ್ರೆಯಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು ಕೆಂಡಮ್ಮ ಎನ್ನುತ್ತಿದ್ದರು, ಎದುರಿಗೆ ಮೇಡಂ. ಆಪರೇಷನ್‌ಗೆ ಬಂದವರಿಗೆ ಅರಿವಳಿಕೆ ಕೊಟ್ಟು, ಅವರು ಮತ್ತೆ ಕಣ್ಣು ಬಿಡುವ ತನಕ ಜೀವ ಕಾಯುವ ಡಾಕ್ಟರು ಅವಳು. ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಬೇರೆಯವರಂತೆ ಕೂಗಾಡುತ್ತಿರಲಿಲ್ಲ. ಸಿಟ್ಟು ಏರಿದಷ್ಟೂ ಅವಳ ದನಿ ಇಳಿಯುತ್ತಿತ್ತು. ಅವಳು ಪಿಸುಗುಟ್ಟಲು ಶುರುಮಾಡಿದಳೆಂದರೆ ನರ್ಸುಗಳು ಟ್ರೇ ಎತ್ತಿಕೊಂಡು ಜಾಗ ಖಾಲಿ ಮಾಡುತ್ತಿದ್ದರು.

ಅವಳಿಗೊಂದು ವಿಚಿತ್ರ ಅಭ್ಯಾಸವಿತ್ತು. ಕಿಡ್ನಿ ಕಸಿಯ ಹಿಂದಿನ ದಿನ ವಾರ್ಡಿಗೆ ಹೋಗಿ, ರೋಗಿಯ ಮಂಚದ ತುದಿಯಲ್ಲಿ ಕೂತು, ಅವನ ಜೊತೆಗೆ ಉಸಿರಾಡುತ್ತಿದ್ದಳು. ಅವನು ಎಳೆದುಕೊಂಡಾಗ ತಾನೂ ಎಳೆದುಕೊಂಡು, ಅವನು ಬಿಟ್ಟಾಗ ತಾನೂ ಬಿಟ್ಟು. ಮಾತಿಲ್ಲ, ಕತೆಯಿಲ್ಲ. ನೋಡಿದವರು ಇವಳಿಗೇ ಏನೋ ಆಗಿದೆ ಎಂದುಕೊಳ್ಳುತ್ತಿದ್ದರು.

ಈ ಅಭ್ಯಾಸದ ಬೇರು ಅವಳ ಅಜ್ಜಿಯಲ್ಲಿತ್ತು. ಅಜ್ಜಿಗೆ ಕಿಡ್ನಿ ಕೆಟ್ಟಿತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಕೂತಲ್ಲೇ ದೊಡ್ಡದಾಗಿ ಉಸಿರು ಬಿಡುತ್ತಿದ್ದಳು. “ಕೆಲಸ ಇಲ್ಲ ಕಾರ್ಯ ಇಲ್ಲ, ಬೆಟ್ಟ ಹತ್ತಿ ಬಂದೋರ ಹಾಗೆ ಏದುಸಿರು ಬೇರೆ” ಎಂದು ಚಿಕ್ಕಪ್ಪ ಹಂಗಿಸುತ್ತಿದ್ದ. ಮನೆಯವರೆಲ್ಲ ನಗುತ್ತಿದ್ದರು. ಅಜ್ಜಿಗೆ ನಾಚಿಕೆಯಾಗಿ, ಜನರಿದ್ದಾಗ ಬಾಯಿಗೆ ಸೆರಗು ಒತ್ತಿ ಉಸಿರು ಬಿಗಿಹಿಡಿಯಲು ನೋಡುತ್ತಿದ್ದಳು. ಒಂದು ದಿನ ಹಾಗೆಯೇ ಹೋಗಿಬಿಟ್ಟಳು. ಅಜ್ಜಿ ನಾಟಕ ಮಾಡುತ್ತಿರಲಿಲ್ಲ ಎಂಬುದು ಮೊಮ್ಮಗಳಿಗೆ ತಿಳಿದದ್ದು ಡಾಕ್ಟರ್ ಓದುವಾಗ. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಆಮ್ಲ ಕೂಡಿಕೊಳ್ಳುತ್ತದೆ, ರಕ್ತ ಹುಳಿಯಾಗುತ್ತದೆ. ಆಗ ಶ್ವಾಸಕೋಶ ಕಿಡ್ನಿಯ ಕೆಲಸದಲ್ಲಿ ಒಂದು ಪಾಲನ್ನು ತಾನು ಹೊತ್ತುಕೊಳ್ಳುತ್ತದೆ. ದೊಡ್ಡ ದೊಡ್ಡ ಉಸಿರಿನ ಜೊತೆ ಆ ಹುಳಿಯನ್ನು ಆಚೆಗೆ ತಳ್ಳುತ್ತದೆ. ಅಜ್ಜಿ ಆ ಉಸಿರಿನಿಂದಲೇ ಬದುಕಿದ್ದಳು. ಅಂದಿನ ಸಿಟ್ಟು ಆಮೇಲೆ ಆರಲೇ ಇಲ್ಲ.

ಈ ಸಲದ ರೋಗಿ ಕಟಿಂಗ್ ಅಂಗಡಿಯವನು. ಕಿಡ್ನಿ ಕೊಡುವವಳು ಅವನ ಅಕ್ಕ, ಇಸ್ತ್ರಿ ಅಂಗಡಿಯವಳು. ಅಕ್ಕನ ಬಾಯಿ ಅವಳ ಇಸ್ತ್ರಿ ಪೆಟ್ಟಿಗೆಗಿಂತ ಬಿಸಿ.

“ಚಿಕ್ಕವನಿದ್ದಾಗ ಒಂದು ಪೆಪ್ಪರಮೆಂಟು ಕಚ್ಚಿ ಅರ್ಧ ಕೊಟ್ಟೋನಲ್ಲ ಇವ್ನು. ಈಗ ನೋಡಿ, ನನ್ನ ಕಿಡ್ನಿಗೇ ಕೈ ಚಾಚಿದಾನೆ.”

“ನೀನೇ ಕೊಡ್ತೀನಿ ಅಂದಿದ್ದಲ್ವೇನೇ?”

“ಅಂದೆ ಕಣೋ. ನಿನ್ನ ಹತ್ರ ಇರೋದು ಕತ್ತರಿ, ನನ್ನ ಹತ್ರ ಇರೋದು ಎರಡು ಕಿಡ್ನಿ. ಇನ್ನೇನು ಮಾಡ್ಲಿ?” ಎಂದವಳು ಡಾಕ್ಟರಮ್ಮನ ಕಡೆ ತಿರುಗಿ ದನಿ ತಗ್ಗಿಸಿದಳು. “ಹಾಳಾಗಲ್ಲ ತಾನೇ ಅಮ್ಮ? ನಾನು ಕೊಡಬಹುದಾದ್ದು ಒಂದೇ. ಅದು ಹೋದ್ರೆ ಇವನಿಗೂ ಇಲ್ಲ, ನನಗೂ ಇಲ್ಲ.”

ಕೆಂಡಮ್ಮ ಆಗಲೇ ಕಟಿಂಗ್ ಅಂಗಡಿಯವನ ಜೊತೆ ಉಸಿರಾಡುತ್ತಿದ್ದಳು. ಅವನು ನಗುತ್ತ ಮಾತಾಡುತ್ತಲೇ ಇದ್ದ, ಆದರೆ ಎರಡು ಮಾತಿನ ನಡುವೆ ಎದೆ ತುಂಬಾ ಉಸಿರು ಬೇಕಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ತಲೆಯೇ ಹಗುರಾಯಿತು. ‘ಇಷ್ಟು ದುಡಿಯುತ್ತಿದ್ದಾನೆ ಇವನು’ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಅರಿವಳಿಕೆ ಕೊಟ್ಟ ಮೇಲೆ ಅವನ ಉಸಿರು ನಿಲ್ಲುತ್ತದೆ, ಯಂತ್ರ ಅವನ ಬದಲು ಉಸಿರಾಡುತ್ತದೆ. ಆ ಯಂತ್ರವೂ ಇಷ್ಟೇ ದುಡಿಯಬೇಕು.

ಮರುದಿನ ಬೆಳಿಗ್ಗೆ ಥಿಯೇಟರಿನಲ್ಲಿ ಕತ್ತರಿ ಹಾಕುವ ಮೊದಲೇ ಜಗಳ ಹತ್ತಿತು. ದೊಡ್ಡ ಸರ್ಜನ್ನರದು ಹಳೆಯ ನಿಯಮ: ಕಿಡ್ನಿ ರೋಗಿಗೆ ಬರೀ ಉಪ್ಪುನೀರಿನ ಬಾಟಲಿ. ಬೇರೆ ಬಾಟಲಿಗಳಲ್ಲಿ ಚಿಟಿಕೆಯಷ್ಟು ಪೊಟ್ಯಾಸಿಯಂ ಇರುತ್ತದೆ, ಕೆಟ್ಟ ಕಿಡ್ನಿಯವರಲ್ಲಿ ಅದು ಏರಿದರೆ ಹೃದಯ ನಿಂತುಹೋದೀತು ಎಂಬ ಭಯ.

“ಚಿಟಿಕೆಗೆ ಹೆದರಿ ಬಕೆಟ್ ಸುರೀತೀರಲ್ಲ ಸಾರ್. ಅಷ್ಟು ಉಪ್ಪುನೀರು ಹೋದ್ರೆ ರಕ್ತ ಇನ್ನೂ ಹುಳಿಯಾಗುತ್ತೆ. ಹುಳಿಯಾದ್ರೆ ಮೈಯೊಳಗಿರೋ ಪೊಟ್ಯಾಸಿಯಂ ತಾನಾಗೇ ರಕ್ತಕ್ಕೆ ಬರುತ್ತೆ.”

“ನಾನು ತಲೆ ಬೆಳ್ಳಗೆ ಮಾಡ್ಕೊಂಡಿರೋದು ಇದೇ ಕೆಲಸದಲ್ಲಿ ಮೇಡಂ.”

“ಸುಮ್ಮನೆ ಕೂತ್ರೂ ತಲೆ ಬೆಳ್ಳಗಾಗುತ್ತೆ ಸಾರ್” ಎಂದು ಅವಳು ಪಿಸುಗುಟ್ಟಿದಳು. ನರ್ಸುಗಳು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ತಾನೇ ಬಾಟಲಿ ಬದಲಿಸಿದಳು.

ಗೆದ್ದದ್ದು ಅವಳೇ, ಆದರೆ ಮೈಯೆಲ್ಲ ಉರಿಯುತ್ತಿತ್ತು. ಕಟಿಂಗ್ ಅಂಗಡಿಯವನು ಮಲಗಿದ, ಯಂತ್ರ ದೊಡ್ಡ ಉಸಿರುಗಳನ್ನು ಎಳೆದು ಬಿಡತೊಡಗಿತು. ಮೊದಲ ರಕ್ತಪರೀಕ್ಷೆ ನೆಟ್ಟಗಿತ್ತು. ಸರ್ಜನ್ನರು ಅಕ್ಕನ ಕಿಡ್ನಿ ಜೋಡಿಸಲು ತೊಡಗಿದಾಗ, ಕೆಂಡಮ್ಮನಿಗೆ ಬಿಡುವು ಕೊಡಲು ಮೂಳೆ ಆಪರೇಷನ್ ಥಿಯೇಟರಿನ ಅರಿವಳಿಕೆ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಅವಳಷ್ಟೇ ಅನುಭವಸ್ಥ. ಎಲ್ಲರೂ ಕರೆಯುವುದು ಓರಣ ಎಂದು. ಬೇರೆಯವರ ಮನೆಗೆ ಹೋದರೂ ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸಿಯೇ ಒಳಗೆ ಹೋಗುವವರು.

“ಎಲ್ಲ ಸರಿಯಾಗಿದೆ, ನೋಡ್ಕೊಳ್ಳಿ” ಎಂದಳು. ಅಷ್ಟೇ. ಇನ್ನೊಂದು ಮಾತು ಆಡಿದರೆ ಅದು ಸರ್ಜನ್ನರಿಗೇ ತಗಲುತ್ತದೆಂದು ಹಲ್ಲು ಕಚ್ಚಿಕೊಂಡು ಹೊರಗೆ ಹೋಗಿ ಚಹಾ ಕುಡಿದಳು. ಚಹಾ ತಣ್ಣಗಿತ್ತು. ಅದರ ಮೇಲೂ ಸಿಟ್ಟು ಬಂತು.

ವಾಪಸು ಬಂದವಳು ಬಾಗಿಲಲ್ಲೇ ನಿಂತಳು. ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ಯಂತ್ರ ನಿಧಾನವಾಗಿ, ಹಗುರವಾಗಿ, ಊಟ ಮುಗಿಸಿ ಮಲಗಿದವರ ಹಾಗೆ ಉಸಿರಾಡುತ್ತಿತ್ತು.

“ಯಾರು ಕೈ ಹಾಕಿದ್ದು?”

“ನಾನೇ ಮೇಡಂ” ಎಂದರು ಓರಣ. “ಉಸಿರಲ್ಲಿ ಬರೋ ಕಾರ್ಬನ್ ಡೈಆಕ್ಸೈಡ್ ಅಂಕಿ ಕೆಳಗಿತ್ತು. ಉಸಿರು ಕಮ್ಮಿ ಮಾಡಿ ನಾರ್ಮಲ್‌ಗೆ ತಂದೆ. ಈಗ ನೋಡಿ, ನೆಟ್ಟಗಿದೆ.”

ಅಂಕಿ ನೆಟ್ಟಗಿತ್ತು ನಿಜ, ಆದರೆ ಅದು ಆರೋಗ್ಯವಂತರ ಅಂಕಿ. ಕಟಿಂಗ್ ಅಂಗಡಿಯವನ ರಕ್ತ ಅಷ್ಟು ಹೊತ್ತು ಹುಳಿಯನ್ನು ಆಚೆಗೆ ತಳ್ಳಲಾಗದೆ ಒಳಗೇ ತುಂಬಿಕೊಂಡಿತ್ತು. ಪರದೆಯ ಮೇಲೆ ಹೃದಯದ ಗೆರೆ ಆಗಲೇ ಗುಡಾರದ ತುದಿಯ ಹಾಗೆ ಚೂಪಾಗಿತ್ತು. ಪೊಟ್ಯಾಸಿಯಂ ಏರುತ್ತಿದೆ ಎಂದು ಅದರ ಅರ್ಥ.

ಅದೇ ಹೊತ್ತಿಗೆ ಸರ್ಜನ್ನರು ಕೊನೆಯ ಹೊಲಿಗೆಯ ದಾರ ಕತ್ತರಿಸಿದರು. “ಜೋಡಣೆ ಆಯ್ತು. ಕ್ಲಾಂಪ್ ಬಿಡ್ತೀನಿ.”

“ಬಿಡಬೇಡಿ.”

ದನಿ ಎಷ್ಟು ತಗ್ಗಿತ್ತೆಂದರೆ ಅವರಿಗೆ ಕೇಳಿಸಿದ್ದೇ ಆಶ್ಚರ್ಯ. ಕ್ಲಾಂಪ್ ಎಂದರೆ, ಹೊಸ ಕಿಡ್ನಿ ಜೋಡಿಸಿದ ಕಾಲಿನ ರಕ್ತನಾಳಗಳನ್ನು ಬಿಗಿಹಿಡಿದ ಇಕ್ಕಳ. ಅದನ್ನು ಬಿಟ್ಟೊಡನೆ ಹೊಸ ಕಿಡ್ನಿಗೆ ರಕ್ತ ಹರಿಯುತ್ತದೆ, ಜೊತೆಗೆ ಕಿಡ್ನಿಯಲ್ಲೂ ಕಾಲಿನಲ್ಲೂ ತಡೆದು ನಿಂತ ಹುಳಿರಕ್ತ ಒಮ್ಮೆಗೇ ಹೃದಯಕ್ಕೆ ನುಗ್ಗುತ್ತದೆ. ಈಗಿನ ಸ್ಥಿತಿಯಲ್ಲಿ ಆ ಹೃದಯ ಅದನ್ನು ತಡೆದುಕೊಳ್ಳಲಾರದು.

“ಕಿಡ್ನಿ ಬಿಸಿಯಾಗ್ತಿದೆ ಮೇಡಂ! ತಡ ಆದಷ್ಟೂ ಸಾಯುತ್ತೆ ಅದು!”

“ಗೊತ್ತು. ಹೃದಯ ನಿಂತ್ರೆ ಆ ಕಿಡ್ನಿ ಯಾರಿಗೆ ಇಡ್ತೀರಿ? ಐಸ್ ಸುರೀರಿ ಅದರ ಮೇಲೆ. ನನಗೆ ಸ್ವಲ್ಪ ಟೈಮ್ ಕೊಡಿ.”

ಸರ್ಜನ್ನರು ಅವಳನ್ನು ನುಂಗುವ ಹಾಗೆ ನೋಡಿದರು. ಆಮೇಲೆ ಪರದೆಯ ಕಡೆ ನೋಡಿದರು. ಐಸಿಗೆ ಕೈ ಚಾಚಿದರು.

ಅವಳು ಯಂತ್ರದ ಗುಂಡಿ ತಿರುಗಿಸಿದಳು. ಹೃದಯ ಕಾಯಲು ಕ್ಯಾಲ್ಸಿಯಂ, ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಮತ್ತು ಗ್ಲೂಕೋಸ್, ಹುಳಿ ಮುರಿಯಲು ಸೋಡಾ ಬೈಕಾರ್ಬ್. ಒಂದೊಂದನ್ನೇ ಕೊಡುತ್ತ, ಮಾಸ್ಕಿನೊಳಗೆ ತಾನೂ ನಿನ್ನೆಯ ಅಳತೆಯಲ್ಲಿ ಉಸಿರಾಡುತ್ತಿದ್ದಳು, ಯಂತ್ರ ತನ್ನ ಜೊತೆ ಬರುತ್ತಿದೆಯೇ ಎಂದು. ಓರಣ ತಾವೇ ರಕ್ತದ ಸಿರಿಂಜ್ ಹಿಡಿದು ಪರೀಕ್ಷೆಯ ಕೋಣೆಗೆ ಓಡಿದರು, ಓಡಿ ಬಂದರು. ಗುಡಾರದ ತುದಿ ಕೊಂಚ ಕೊಂಚವಾಗಿ ಕುಗ್ಗಿತು.

“ಈಗ ಬಿಡಿ.”

ಕ್ಲಾಂಪ್ ಬಿಟ್ಟರು. ಹೃದಯದ ಗೆರೆ ಒಂದು ಸಲ ನಡುಗಿ ದಾರಿಗೆ ಬಂತು. ಬೂದು ಬಣ್ಣದ ಕಿಡ್ನಿ ನೋಡನೋಡುತ್ತ ಕೆಂಪಾಯಿತು. ಆದರೆ ಮೂತ್ರ ಬರಲಿಲ್ಲ. ಹೊಲಿಗೆ ಹಾಕುವ ತನಕವೂ ಬರಲಿಲ್ಲ. ಇಸ್ತ್ರಿ ಅಂಗಡಿಯವಳ ಮಾತು ಕೆಂಡಮ್ಮನ ಕಿವಿಯಲ್ಲಿ ಕೊರೆಯಿತು: ಅದು ಹೋದ್ರೆ ಇವನಿಗೂ ಇಲ್ಲ, ನನಗೂ ಇಲ್ಲ.

ಆ ದಿನವೂ ಬರಲಿಲ್ಲ. ಮರುದಿನ ಮಧ್ಯಾಹ್ನ ನಳಿಗೆಯಲ್ಲಿ ಒಂದು ಹನಿ ಕಾಣಿಸಿತು, ಅದರ ಹಿಂದೆ ಇನ್ನೊಂದು. ಸಂಜೆಯ ಹೊತ್ತಿಗೆ ಚೀಲ ತುಂಬಿತ್ತು. ಪಕ್ಕದ ವಾರ್ಡಿನಿಂದ ಗೋಡೆ ಹಿಡಿದುಕೊಂಡು ಬಂದ ಅಕ್ಕ ಅದನ್ನು ನೋಡಿ, “ಅಬ್ಬಾ, ನನ್ನ ಕಿಡ್ನಿಯೇ ಇದು. ಸತಾಯಿಸೋ ಬುದ್ಧಿ ಮಾತ್ರ ನಿಂದು” ಎಂದು ತಮ್ಮನ ತಲೆಗೆ ಮೊಟಕಿದಳು. ಮೊಟಕಿದ ಕೈ ಅಲ್ಲೇ ನಿಂತಿತು.

ಕೆಂಡಮ್ಮ ಅಕ್ಕತಮ್ಮ ಇಬ್ಬರಿಗೂ ನಡೆದದ್ದನ್ನು ಹೇಳಿದಳು. ನಮ್ಮ ಕಡೆಯಿಂದ ತಪ್ಪಾಯಿತು, ಅದಕ್ಕೇ ಕಿಡ್ನಿ ತಡವಾಗಿ ಎಚ್ಚೆತ್ತಿರಬಹುದು ಎಂದಳು. ಅಕ್ಕ ಅವಳನ್ನು ಸುಡುವ ಹಾಗೆ ನೋಡಿದಳು. ಆ ನೋಟಕ್ಕೆ ಕೆಂಡಮ್ಮ ಮುಖ ತಿರುಗಿಸಲಿಲ್ಲ.

ಹೊರಗೆ ಬಂದವಳು ಓರಣರನ್ನು ಹುಡುಕಿ, ತೋಳು ಹಿಡಿದು ಡಯಾಲಿಸಿಸ್ ವಾರ್ಡಿಗೆ ಎಳೆದೊಯ್ದಳು. ಅಲ್ಲಿ ಸರದಿಗೆ ಕಾಯುತ್ತ ನಡುವಯಸ್ಸಿನ ಬಸ್ ಡ್ರೈವರೊಬ್ಬ ದೊಡ್ಡದಾಗಿ ಉಸಿರು ಬಿಡುತ್ತಿದ್ದ. ಅವನ ಒಪ್ಪಿಗೆ ಕೇಳಿ, ಓರಣರನ್ನು ಅವನೆದುರು ಸ್ಟೂಲಿನ ಮೇಲೆ ಕೂರಿಸಿದಳು.

“ಇವರ ಹಾಗೆ ಉಸಿರಾಡಿ.”

“ಮೇಡಂ, ತಪ್ಪಾಯ್ತು ಅಂದ್ನಲ್ಲ.”

“ಉಸಿರಾಡಿ.”

ಓರಣ ಶುರುಮಾಡಿದರು. ಸ್ವಲ್ಪದರಲ್ಲೇ ತುಟಿ ಜುಮ್ಮೆಂದಿತು, ಬೆರಳು ಮರಗಟ್ಟಿದವು. “ತಲೆ ತಿರುಗ್ತಿದೆ, ನಿಲ್ಲಿಸ್ತೀನಿ” ಎಂದರು.

“ನಿಲ್ಸಿ ಡಾಕ್ಟ್ರೇ” ಎಂದ ಡ್ರೈವರ್, ನಡುವೆ ಉಸಿರು ಎಳೆದುಕೊಂಡು. “ನನಗೆ ನಿಲ್ಸೋ ಹಾಗಿಲ್ಲ.”

ಓರಣ ತಲೆ ತಗ್ಗಿಸಿದರು. ಕೆಂಡಮ್ಮ ಪಿಸುಗುಟ್ಟಲು ಬಾಯಿ ತೆರೆದಾಗ ಅವರು ಹೆಗಲು ಕುಗ್ಗಿಸಿ ಕೂತರು, ಬೈಗುಳ ತಮಗೇ ಎಂದು.

“ಯಂತ್ರ ಮುಟ್ಟಬೇಡಿ ಅಂತ ಒಂದು ಮಾತು” ಎಂದಳು ಅವಳು. “ಒಂದೇ ಒಂದು ಮಾತು. ಸಿಟ್ಟಲ್ಲಿ ಅದನ್ನೂ ಹೇಳದೆ ಹೋದೆ.”

ದನಿ ಅಷ್ಟು ಕೆಳಗೆ ಇಳಿದದ್ದನ್ನು ಓರಣ ಹಿಂದೆಂದೂ ಕೇಳಿರಲಿಲ್ಲ. ಅವಳು ಮಂಚದ ತುದಿಯಲ್ಲಿ ಕೂತು, ಡ್ರೈವರ್‌ನ ಜೊತೆ ಉಸಿರಾಡತೊಡಗಿದಳು.