ತಣ್ಣಗಾದ ಮುದ್ದೆಗೆ ಸಾಕ್ಷಿ ಯಾರು?

ಮುನ್ನುಡಿ ಕೇಳಿದವರಿಗೆ ಇಲ್ಲವೆನ್ನುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ. ಕಲ್ಲನ್ನು ಸುತ್ತಿಗೆಯಿಂದ ಕುಟ್ಟಿ ನೋಡದೆ ಕಲ್ಲೆಂದು ಒಪ್ಪಬಾರದು ಅಂತ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಕಲಿತವನು ನಾನು. ಆದರೆ ಮುನ್ನುಡಿಯ ವಿಷಯದಲ್ಲಿ ಪರಮ ಭಕ್ತ. ಪುಸ್ತಕ ನೋಡದೆಯೇ ಕೈಮುಗಿದುಬಿಡುತ್ತೇನೆ. ಹೀಗಾಗಿ ಗುಬ್ಬಿಯ ಪಂಚಾಕ್ಷರಿ ಮಾವ ಹಸ್ತಪ್ರತಿಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ತುಮಕೂರಿನ ನಮ್ಮ ಮನೆಗೆ ಬಂದಾಗ ಕಾಫಿ ಮುಗಿಯುವ ಮೊದಲೇ ಒಪ್ಪಿಕೊಂಡೆ. ಆಮೇಲೆ ಹೆಸರು ಓದಿದೆ: ‘ಸೃಷ್ಟಿವಿಜ್ಞಾನ’.

ಮಾವ ನನ್ನ ತಾಯಿಯ ತಮ್ಮ. ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆಮೇಲೆ ಏಳು ವರ್ಷ ಕೂತು ಬರೆದ ಒಂದೇ ಪುಸ್ತಕ ಇದು. ಅಚ್ಚಿಗೆ ಹೋಗಲು ನನ್ನ ಎರಡು ಪುಟ ಮಾತ್ರ ಬಾಕಿ.

“ನಮ್ ವಂಶದಲ್ಲಿ ಎಂ.ಎಸ್ಸಿ. ಓದಿರೋನು ನೀನೊಬ್ನೇ ಕಣೋ. ಇದು ವಿಜ್ಞಾನ ಅಂತ ನೀನಂದ್ರೆ ಜನ ನಂಬ್ತಾರೆ,” ಎಂದರು. ನಂಬಿಸಬೇಕಾದ್ದು ವಿಜ್ಞಾನ ಹೇಗಾಗುತ್ತದೆ ಎಂದು ಕೇಳಬೇಕಿತ್ತು. ಬಾಯಲ್ಲಿ ಅವರೇ ತಂದ ಚಕ್ಕುಲಿ ಇತ್ತು.

ಪುಸ್ತಕದ ವಿಧಾನ ಸರಳ. ವಿಜ್ಞಾನಿಗಳು ಏನೇ ಹೇಳಲಿ, ನಮ್ಮವರು ಮೊದಲೇ ಹೇಳಿದ್ದರು. ವಿಶ್ವಕ್ಕೆ ಮೊದಲಿದೆ ಎಂದರೆ ಅದು ಓಂಕಾರ. ಮೊದಲೇ ಇಲ್ಲ ಎಂದರೆ ಶಿವ ಅನಾದಿ. ವಿಶ್ವ ಹಿಗ್ಗುತ್ತಿದೆ ಎಂದರೆ ಶಿವ ಜಟೆ ಬಿಚ್ಚಿದ್ದಾನೆ. ಕುಗ್ಗುತ್ತಿದೆ ಎಂದು ನಾಳೆ ಯಾರಾದರೂ ಅಂದರೆ ಕಟ್ಟಿಕೊಳ್ಳುತ್ತಾನೆ. ಈ ವಿಧಾನ ಯಾರ ಸೊಂಟಕ್ಕೂ ಹೊಂದುವ ಪಂಚೆಯ ಹಾಗೆ. ಪಂಚೆ ಒಳ್ಳೆಯ ಉಡುಪೇ, ನಾನೂ ಉಡುತ್ತೇನೆ. ಆದರೆ ದರ್ಜಿ ಅಳತೆ ತೆಗೆದು ಹೊಲಿದದ್ದೆಂದು ಅದು ಜಂಬ ಕೊಚ್ಚಿಕೊಳ್ಳಬಾರದು.

ಹೀಗೆ ನಗುತ್ತಾ ಒಂಬತ್ತನೆಯ ಅಧ್ಯಾಯಕ್ಕೆ ಬಂದವನು ತಟ್ಟನೆ ನಿಂತೆ. ಹುಲಿಯೂರುದುರ್ಗದ ಹತ್ತಿರ ಒಂದು ಮದುವೆಗೆ ಹೋಗಿದ್ದಾಗ ಕೆಂಪಮ್ಮ ಎಂಬ ಮುದುಕಿ ಹೇಳಿದ ಕತೆಯನ್ನು ಮಾವ ಅಲ್ಲಿ ಬರೆದಿದ್ದರು. ಮೊದಲು ಏನೂ ಇರಲಿಲ್ಲ, ಶಿವನ ಹಸಿವೊಂದಿತ್ತು. ಪಾರ್ವತಿ ಎಸರಿಟ್ಟು ಹಿಟ್ಟು ಹಾಕಿದಳು. ಗಂಡ ಹೆಂಡಿರಿಗೆ ಮಾತಿಗೆ ಮಾತು ಬೆಳೆದು ಆಕೆ ಮುದ್ದೆಕೋಲು ಬಿಸಾಕಿ ಹೋದಳು. ಮುದ್ದೆ ಕುದಿದು ಉಕ್ಕಿ, ಒಲೆಯ ಬಿರುಕಿಗೆಲ್ಲ ಇಳಿದು, ತಣ್ಣಗಾಗಿ ಬೆಟ್ಟವಾಯಿತು. ಬಂಡೆಯಲ್ಲಿ ಕಾಣುವ ಬಿಳಿ ಚುಕ್ಕಿಗಳು ಮುದ್ದೆಗೆ ಹಾಕಿದ್ದ ಅಕ್ಕಿ ನುಚ್ಚು. ಕೆಳಗೆ ಮಾವನ ಷರಾ: ‘ಅಕ್ಷರ ಕಲಿಯದ ಈ ತಾಯಿಗೆ, ಶಿಲೆಯು ಬೆಂಕಿಯಲ್ಲಿ ಕರಗಿ ತಣಿದದ್ದೆಂದು ತಿಳಿದದ್ದು ಹೇಗೆ? ಪರಂಪರೆಯಿಂದ!’

ಹೇಗೆಂದು ನನಗೆ ಗೊತ್ತಿತ್ತು. ನಾನು ಹೇಳಿದ್ದೆ! ಎಂ.ಎಸ್ಸಿ. ಓದುವಾಗ ಗೆಳೆಯ ನಾಗರಾಜನೂ ನಾನೂ ಹುಲಿಯೂರುದುರ್ಗದ ಬೆಟ್ಟದ ಕೆಳಗೆ ಕಲ್ಲು ಕುಟ್ಟುತ್ತಿದ್ದೆವು. ಮಜ್ಜಿಗೆ ಕೊಟ್ಟ ಹೆಂಗಸೊಬ್ಬಳು ಇದೇನು ಎಂದು ಕೇಳಿದಳು. ಕರಗಿದ್ದು ತಣಿದು ಬಂಡೆಯಾಯಿತು, ಇನ್ನೂರೈವತ್ತು ಕೋಟಿ ವರ್ಷದ ಹಿಂದಿನ ಮಾತು ಎಂದೆ. “ಯಾರ್ ನೋಡಿದ್ರು?” ಎಂದಳು. ಆಕೆಗೆ ಅರ್ಥವಾಗಲೆಂದು ಮುದ್ದೆಯ ಕತೆ ಕಟ್ಟಿದೆ. ಅದೀಗ ಪರಂಪರೆಯಾಗಿ ನನ್ನದೇ ಮುನ್ನುಡಿಗೆ ಕಾದು ಕೂತಿದೆ.

ಮುನ್ನುಡಿಯಲ್ಲಿ ‘ಈ ಕತೆಯನ್ನು ಕಟ್ಟಿದವನು ನಾನೇ’ ಎಂದು ಬರೆದು, ಮಾವನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

“ಸಾಕ್ಷಿ?”

“ನೆನಪಿದೆ ಮಾವ.”

“ನೆನಪಿದೆ ಅಂತ ಬಂದೋರ್ಗೆಲ್ಲ ಜಮೀನು ಬರ್ಕೊಟ್ಟಿದ್ರೆ ಗುಬ್ಬಿ ತಾಲ್ಲೂಕು ಸಾಲ್ತಿರ್ಲಿಲ್ಲ ಕಣೋ. ಇಬ್ರು ಸಾಕ್ಷಿ ಕರ್ಕೊಂಡ್ ಬಾ.”

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಮದುವೆಯ ದಿನ ಜೋರು ಮಳೆ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದವನು ನಾನು. ಆಲ್ಬಮ್ಮಿನಲ್ಲಿ ಬೀಗರೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಆ ಮಳೆ ತನ್ನ ಅಕ್ಕನ ಮದುವೆಯದು ಎನ್ನುತ್ತಾಳೆ ಹೆಂಡತಿ. ಬಂಡೆಯ ವಯಸ್ಸಿಗೆ ನನ್ನ ನೆನಪಿನ ಹಂಗಿಲ್ಲ. ಗುರುತಿಲ್ಲದವನು ಎಲ್ಲೋ ಕೂತು ಅಳೆದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ನನ್ನ ಕತೆಗೆ ಆ ಸೌಕರ್ಯ ಇಲ್ಲ.

ಮೊದಲ ಸಾಕ್ಷಿ ನಾಗರಾಜ. ಈಗ ಹಿರೇಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಲೇತ್ ಯಂತ್ರದ ಗದ್ದಲದ ನಡುವೆ ಕಿರುಚಿದ: “ಏನ್ಲಾ, ಆ ಮುದ್ದೆ ಕತೆ ಹೇಳಿದ್ದು ನಾನು ಕಣೋ! ನೀನು ಬಂಡೆ ನೆರಳಲ್ಲಿ ಗೊರಕೆ ಹೊಡೀತಿದ್ದೆ!”

ಇದನ್ನು ಕೇಳಿ ಮಾವನಿಗೆ ಹುರುಪು ಬಂತು. “ಒಂದ್ ಮುದ್ದೆಗೆ ಎಷ್ಟ್ ಜನ ಅಡುಗೆಯೋರಯ್ಯಾ? ನಡಿ, ಆಯಮ್ಮನ್ನೇ ಕೇಳಾನ.”

ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ಹುಲಿಯೂರುದುರ್ಗಕ್ಕೆ ಹೋದೆವು. ಕೆಂಪಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇಬ್ರು ಹುಡುಗ್ರು ಬಂದಿದ್ದು ಗ್ಯಾಪ್ಕ ಐತೆ. ಮಜ್ಜಿಗೆ ಕುಡ್ದು ಲೋಟ ತೊಳೀದೆ ಹಂಗೇ ಇಟ್ಟೋದ್ರು.”

“ಕತೆ ಹೇಳಿದ್ದು ಯಾರಜ್ಜಿ? ನಾನಲ್ವಾ?”

“ನೀನೋ, ಅವ್ನೋ, ನಮ್ಮತ್ತೆ ಹೇಳ್ತಿದ್ಲೋ... ಬುಡಪ್ಪ ಅತ್ಲಾಗೆ. ಕತೆ ಹೇಳೋವಾಗ ಯಾರಾದ್ರೂ ಹೆಬ್ಬೆಟ್ಟು ಒತ್ತಿಸ್ಕೊಂಡವ್ರಾ?”

ಹಿಂದಿರುಗುವಾಗ ಕುಣಿಗಲ್ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಾ, ಸೋತವರೆಲ್ಲ ಮಾಡುವ ಹಾಗೆ ನಾನೂ ಉಪನ್ಯಾಸ ಶುರು ಮಾಡಿದೆ. “ಮಾವ, ಏನು ಸಿಕ್ಕಿದ್ರೆ ನಾನು ತಪ್ಪು ಅಂತ ಒಪ್ಕೋತೀನಿ ಅನ್ನೋದನ್ನ ಮೊದ್ಲೇ ಹೇಳಿಡೋದೇ ವಿಜ್ಞಾನ. ಶಿವ ಸೃಷ್ಟಿ ಮಾಡ್ಲಿಲ್ಲ ಅಂತ ಒಪ್ಕೊಳ್ಳೋಕೆ ನಿಮಗೇನು ಸಿಗ್ಬೇಕು?”

“ಏನ್ ಸಿಕ್ಕಿದ್ರೂ ಒಪ್ಪಲ್ಲ.”

“ಹಂಗಾದ್ರೆ ಅದು ನಂಬಿಕೆ. ವಿಜ್ಞಾನ ಅಲ್ಲ.”

ಮಾವ ಲೋಟ ಕೆಳಗಿಟ್ಟರು. “ಸರಿ. ಆ ಕತೆ ನಿಂದಲ್ಲ ಅಂತ ಒಪ್ಕೊಳ್ಳೋಕೆ ನಿನಗೇನು ಸಿಗ್ಬೇಕು?”

ಬಾಯಿ ತೆರೆದೆ. ಅಮೃತೂರಿನ ಬಸ್ಸೊಂದು ಉದ್ದಕ್ಕೆ ಹಾರನ್ ಹೊಡೆಯಿತು. ನಾಗರಾಜನನ್ನೂ ಕೆಂಪಮ್ಮನನ್ನೂ ಕೇಳಿದ್ದಾಗಿತ್ತು, ಆದರೂ ನಾನು ಒಪ್ಪಿರಲಿಲ್ಲ.

ಮಾವ ಚೀಲದಿಂದ ಹಸ್ತಪ್ರತಿ ತೆಗೆದರು. ಹೆಸರಿನಲ್ಲಿದ್ದ ‘ವಿಜ್ಞಾನ’ಕ್ಕೆ ಒಂದು ಗೀಟು ಎಳೆದು, ಮೇಲೆ ‘ನಂಬಿಕೆ’ ಎಂದು ಬರೆದು, ನೋಂದಣಿ ಪತ್ರದಲ್ಲಿ ತಿದ್ದುಪಡಿಯಾದರೆ ಹಾಕುವ ಹಾಗೆ ಪಕ್ಕದಲ್ಲಿ ಚಿಕ್ಕ ರುಜು ಹಾಕಿದರು. “ಶಿವ ಮಾಡಿದ್ದು ಸುಳ್ಳಾಗಲ್ಲ ಕಣೋ. ವಿಜ್ಞಾನ ಅಂತ ನೋಂದಾಯ್ಸೋಕೆ ದಾಖಲೆ ಸಾಲ್ದು, ಅಷ್ಟೆ.” ಒಂಬತ್ತನೆಯ ಅಧ್ಯಾಯದ ಷರಾವನ್ನೂ ಹೊಡೆದುಹಾಕಿ ‘ಮೂಲ ತಿಳಿದಿಲ್ಲ’ ಎಂದು ಬರೆದರು. ಆಮೇಲೆ ನನ್ನ ಮುನ್ನುಡಿಯನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು. “ಈಗ ನಿಂದು.”

ಏಳು ವರ್ಷದ ಶ್ರಮದ ಹೆಸರನ್ನು ಅವರು ಒಂದು ಗೀಟಿನಲ್ಲಿ ತಿದ್ದಿ ಮುಗಿಸಿದ್ದರು. ನಾನು ತಿದ್ದಬೇಕಿದ್ದದ್ದು ಒಂದೇ ವಾಕ್ಯ, ‘ಈ ಕತೆಯನ್ನು ಕಟ್ಟಿದವನು ನಾನೇ’. ಅದನ್ನು ನೋಡುತ್ತಾ ಕೂತು ತುಮಕೂರಿನ ಕಡೆಗಿನ ಎರಡು ಬಸ್ಸು ತಪ್ಪಿಸಿದೆ. ಕೊನೆಗೆ ಹೊಡೆದುಹಾಕಿದೆ. ಆದರೆ ಗೀಟು ತೆಳ್ಳಗೆಳೆದೆ. ಬೇಕೆಂದವರು ಕೆಳಗಿನದನ್ನು ಓದಿಕೊಳ್ಳಬಹುದು.