ಒಂದು ಸಬ್ಜೆಕ್ಟ್ ಬಾಕಿ

ತೊಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದ ಬಳಿ ಖಾಸಗಿ ಹೈಸ್ಕೂಲೊಂದರ ಹೆಡ್‌ಮಾಸ್ಟರಾಗಿದ್ದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಸರ್ಕಾರಿ ಕೆಲಸ ಸಿಕ್ಕಿತೆಂದು ಬಿಟ್ಟುಹೋದರು. ಹತ್ತನೇ ತರಗತಿಯ ಪರೀಕ್ಷೆಗೆ ಮೂರೇ ತಿಂಗಳಿತ್ತು. ಆ ಜಾಗಕ್ಕೆ ಬಂದದ್ದು ಒಂದೇ ಅರ್ಜಿ, ಮೂಗೂರಿನ ಯುವಕನದು. ವಿದ್ಯಾರ್ಹತೆಯ ಎದುರು ‘ಬಿ.ಎ., ಒಂದು ಸಬ್ಜೆಕ್ಟ್ ಬಾಕಿ’ ಎಂದು ಬರೆದಿದ್ದ.

“ಯಾವುದಪ್ಪ ಬಾಕಿ?” ಎಂದೆ.

“ಇಂಗ್ಲಿಷು ಸಾ.”

“ಅದನ್ನೇ ಪಾಠ ಮಾಡೋಕೆ ಬಂದಿದ್ದೀಯಲ್ಲ?”

“ಬ್ಯಾರೆಯೋರು ಒಂದ್ಸಲ ಓದಿ ಬುಟ್ಬುಡ್ತಾರೆ ಸಾ. ನಾನು ನಾಕು ವರ್ಷದಿಂದ ಅದನ್ನೇ ಓದ್ತಾವ್ನಿ.”

ನಗು ಬಂತು. ಆದರೆ ಪಕ್ಕದ ಕೋಣೆಯಲ್ಲಿ ಮಕ್ಕಳು ಮೇಷ್ಟ್ರಿಲ್ಲದೆ ಗಲಾಟೆ ಮಾಡುತ್ತಿದ್ದರು. ನಾಳೆಯಿಂದಲೇ ಬಾ ಎಂದೆ. ಬಾಗಿಲವರೆಗೆ ಹೋದವನು ತಿರುಗಿ ಬಂದು, “ಹತ್ತನೇ ಕ್ಲಾಸಿನ ಇಂಗ್ಲಿಷ್ ಗೈಡ್ ಇದ್ರೆ ಕೊಡಿ ಸಾ, ಒಸಿ ನೋಡ್ಕತೀನಿ” ಎಂದ.

ಬೀರು ತೆಗೆದು ಹುಡುಕಿ ಕೊಟ್ಟೆ.